ಅರುಂಧತಿಯನ್ನು ನುಂಗಿದ ವಸಿಷ್ಠ

ಮದುವೆಯ ಹಸೆಮಣೆಯಿಂದೆದ್ದ ವಧೂವರರಿಗೆ ಅರುಂಧತಿಯನ್ನು ತೋರಿಸುವ ರೂಢಿ ನಮ್ಮ ನಾಡಿನ ಅನೇಕ ಮನೆತನಗಳಲ್ಲಿ ಇಂದಿಗೂ ಉಳಿದಿದೆ. ಆದರೆ ತೋರಿಸುವವರಿಗೂ ನೋಡುವವರಿಗೂ ಅದು ಕಾಣುವುದು ಅಪರೂಪ. ಕಲ್ಯಾಣಮಂಟಪದ ಬಾಗಿಲಲ್ಲಿ ನಡುಹಗಲು ಹನ್ನೆರಡೂವರೆಗೆ ಅಯ್ಯನವರು ಉತ್ತರಕ್ಕೆ ಕೈಯೆತ್ತುತ್ತಾರೆ. ವಧೂವರರು ಶಾಮಿಯಾನದ ಅಂಚಿಗೆ ಕಟ್ಟಿದ ಬಣ್ಣದ ಬಲ್ಬುಗಳನ್ನು ನೋಡಿ 'ಕಂಡಿತು' ಎನ್ನುತ್ತಾರೆ. ಫೋಟೋದವನು ಅದನ್ನು ಹಿಡಿದುಕೊಳ್ಳುತ್ತಾನೆ. ಮುಹೂರ್ತವು ರಾತ್ರಿಯಿಂದ ಹಗಲಿಗೆ ಸರಿದಾಗ ನಕ್ಷತ್ರವು ಜೊತೆಗೆ ಸರಿಯಲಿಲ್ಲ, ಅಷ್ಟೆ.

ನಿಜವಾದ ಅರುಂಧತಿಯನ್ನು ಕಾಣಬೇಕಾದರೆ ವೈಶಾಖ-ಜ್ಯೇಷ್ಠಗಳ ರಾತ್ರಿ ಎಂಟು-ಒಂಬತ್ತು ಗಂಟೆಗೆ ಉತ್ತರಕ್ಕೆ ಮುಖಮಾಡಿ ನಿಲ್ಲಬೇಕು. ಸಪ್ತರ್ಷಿ ಮಂಡಲದ ಬಾಲದಲ್ಲಿರುವ ಮೂರು ತಾರೆಗಳಲ್ಲಿ ನಡುವಿನದು ವಸಿಷ್ಠ. ಅದರ ಮಗ್ಗುಲಲ್ಲಿ, ದೃಷ್ಟಿಯಿಟ್ಟು ನೋಡಿದವರಿಗೆ ಮಾತ್ರ ಕಾಣುವಂತೆ, ಒಂದು ಸಣ್ಣ ತಾರೆಯಿದೆ. ಅದೇ ಅರುಂಧತಿ. ಪಾಶ್ಚಾತ್ಯರು ಅರಬ್ಬೀ ಮೂಲದ ಹೆಸರುಗಳಿಂದ ಇವೆರಡನ್ನು ಮಿಜಾರ್, ಆಲ್ಕೋರ್ ಎಂದು ಕರೆಯುತ್ತಾರೆ. ಅಂಶವನ್ನು ಅರುವತ್ತಾಗಿ ಭಾಗಿಸಿದರೆ ಒಂದು ಕಲೆ, ಕಲೆಯನ್ನು ಅರುವತ್ತಾಗಿ ಭಾಗಿಸಿದರೆ ಒಂದು ವಿಕಲೆ ಎಂಬ ಲೆಕ್ಕ ಪಂಚಾಂಗ ಬಲ್ಲವರಿಗೆ ಹೊಸದಲ್ಲ. ಆ ಲೆಕ್ಕದಲ್ಲಿ ವಸಿಷ್ಠ-ಅರುಂಧತಿಯರ ನಡುವಣ ಅಂತರ ಸುಮಾರು 12 ಕಲೆ. ಹುಣ್ಣಿಮೆಯ ಚಂದ್ರನ ಅಗಲದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಸದ್ಭಕ್ತರೊಬ್ಬರು ನಮಗೆ ಬರೆದ ಪತ್ರ. ಅಡಿಕೆ ತೋಟ ಮಾಡಿಕೊಂಡಿರುವ ಗೃಹಸ್ಥರು. ಅವರ ಮಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಬಂದವನು ತನ್ನ ಗಣಕಯಂತ್ರದಲ್ಲಿ ಇಡೀ ಆಕಾಶವನ್ನೇ ತೋರಿಸುವ ಒಂದು ತಂತ್ರಾಂಶವನ್ನು ತೆರೆದು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡನಂತೆ. ಎಪ್ಪತ್ತಾರರ ಆ ತಾಯಿ ಸಪ್ತರ್ಷಿಗಳನ್ನು ಕಂಡು ಹಿಗ್ಗಿದರು. ಆಮೇಲೆ ಕೇಳಿದರು: 'ಅರುಂಧತಿ ಎಲ್ಲೋ ಮಗ?' ಪರದೆಯಲ್ಲಿ ಅರುಂಧತಿ ಇರಲಿಲ್ಲ. ವಸಿಷ್ಠನಿದ್ದ ಕಡೆ ಒಂದು ದಪ್ಪ ಬಿಳಿಯ ಬೊಟ್ಟು ಮಾತ್ರ. ಹುಡುಗನು, 'ಅಜ್ಜಿ, ಯಂತ್ರ ಸುಳ್ಳು ಹೇಳಲ್ಲ, ನಿನ್ನ ಕಣ್ಣಿಗೆ ಪೊರೆ ಬಂದಿದೆ' ಎಂದುಬಿಟ್ಟನಂತೆ. ಮೂವರು ಸೊಸೆಯರಿಗೆ ಅಂಗಳದಲ್ಲಿ ನಿಲ್ಲಿಸಿ ಅರುಂಧತಿಯನ್ನು ತೋರಿಸಿದ ಆಕೆ ಆ ರಾತ್ರಿ ಊಟಕ್ಕೆ ಏಳಲಿಲ್ಲವೆಂದು ಪತ್ರದಲ್ಲಿದೆ. ಕಣ್ಣಿಗೆ ಪೊರೆ ಬಂದಿರುವುದೂ ದಿಟ. ದೀಪದ ಸುತ್ತ ಪ್ರಭಾವಳಿ ಕಾಣುವುದೆಂದು ಎರಡು ವರ್ಷದಿಂದ ಹೇಳುತ್ತಿದ್ದಾರೆ. ಶಿವನು ಕೊಟ್ಟ ಕಣ್ಣಿಗೆ ಕಬ್ಬಿಣ ತಾಗಿಸಲಾರೆನೆಂದು ಶಸ್ತ್ರಚಿಕಿತ್ಸೆಗೆ ಒಪ್ಪುತ್ತಿಲ್ಲ. 'ಯಂತ್ರದ ಮಾತು ಸರಿಯೋ, ನಮ್ಮ ತಾಯಿಯ ಮಾತು ಸರಿಯೋ, ತಾವು ತಿಳಿಸಬೇಕು' ಎಂದು ಪತ್ರ ಮುಗಿಯುತ್ತದೆ.

ತಾಯಿಯ ಮಾತು ಸರಿ. ಅರುಂಧತಿ ಇದ್ದಾಳೆ. ಆದರೆ ಯಂತ್ರವು ಅವಳನ್ನು ಏಕೆ ನುಂಗಿತೆಂಬುದನ್ನು ವಿವರವಾಗಿ ತಿಳಿಯುವುದು ಆ ಹುಡುಗನಿಗೂ ಅಜ್ಜಿಗೂ ಪ್ರಯೋಜನಕಾರಿ. ಏಕೆಂದರೆ ಯಂತ್ರ ಮಾಡಿದ ಕೆಲಸವನ್ನೇ ಕಣ್ಣಿನ ಪೊರೆಯೂ ಮಾಡುತ್ತದೆ.

ಮೊದಲು ಒಂದು ಮೂಲ ಸಂಗತಿ. ನಮ್ಮ ಕಣ್ಣಿನ ಮಟ್ಟಿಗೆ ನಕ್ಷತ್ರಕ್ಕೆ ಗಾತ್ರವೆಂಬುದೇ ಇಲ್ಲ. ಆಕಾಶದಲ್ಲಿ ಅತಿ ಅಗಲವಾಗಿ ತೋರುವ ತಾರೆಗಳಲ್ಲಿ ಆರ್ದ್ರೆಯೂ ಒಂದು. ಅದು ಸೂರ್ಯನಿಗಿಂತ ನೂರಾರು ಪಟ್ಟು ಅಗಲವಾದ ದೈತ್ಯ. ಆದರೂ ದೂರದ ದೆಸೆಯಿಂದ ಅದರ ಅಗಲ ನಮಗೆ ಒಂದು ವಿಕಲೆಯ ಇಪ್ಪತ್ತನೆಯ ಒಂದು ಭಾಗದಷ್ಟು ಮಾತ್ರ. ಒಳ್ಳೆಯ ಕಣ್ಣು ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಅಂತರ ಸುಮಾರು ಒಂದು ಕಲೆ. ಅಂದರೆ ಆರ್ದ್ರೆಯು ಈಗಿರುವುದಕ್ಕಿಂತ ಸಾವಿರ ಪಟ್ಟು ಅಗಲವಾದರೂ ನಮಗದು ಬಿಂದುವೇ. ಲುಬ್ಧಕವು ದೊಡ್ಡದಾಗಿ, ಅರುಂಧತಿಯು ಚಿಕ್ಕದಾಗಿ ತೋರುವುದು ಅವುಗಳ ಅಗಲದ ವ್ಯತ್ಯಾಸದಿಂದಲ್ಲ. ಬೆಳಕು ಹೆಚ್ಚಾದಾಗ ಅದು ಕಣ್ಣಿನ ಒಳಗೇ ಸ್ವಲ್ಪ ಚೆದರುತ್ತದೆ. ಆ ಚೆದರಿದ ಬೆಳಕನ್ನು ಮನಸ್ಸು ಗಾತ್ರವೆಂದು ಎಣಿಸುತ್ತದೆ.

ಹೀಗೆ ತಾರೆಗಳನ್ನು ಬೆಳಕಿನಿಂದ ಅಳೆಯುವ ಕ್ರಮ ಬಹಳ ಹಳೆಯದು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ವಿದ್ವಾಂಸ ಹಿಪ್ಪಾರ್ಕಸನ ಕಾಲದಿಂದ, ಅತಿ ಪ್ರಕಾಶದವು ಮೊದಲನೆಯ ದರ್ಜೆ, ಕಷ್ಟದಿಂದ ಕಾಣುವವು ಆರನೆಯ ದರ್ಜೆ ಎಂದು ವಿಂಗಡಿಸುತ್ತ ಬಂದರು. ಇದಕ್ಕೆ ಗಣಿತದ ಚೌಕಟ್ಟು ಕೊಟ್ಟವನು ಇಂಗ್ಲೆಂಡಿನ ನಾರ್ಮನ್ ಪಾಗ್ಸನ್, 1856ರಲ್ಲಿ. ಐದು ಮೆಟ್ಟಿಲು ಇಳಿದರೆ ಬೆಳಕು ಸರಿಯಾಗಿ ನೂರನೆಯ ಒಂದು ಭಾಗವಾಗಬೇಕು. ಆಗ ಒಂದೊಂದು ಮೆಟ್ಟಿಲಿಗೂ ಸುಮಾರು ಎರಡೂವರೆ ಪಟ್ಟು ವ್ಯತ್ಯಾಸ. ಈ ಪಾಗ್ಸನ್ ಮಹಾಶಯನು 1861ರಲ್ಲಿ ಮದರಾಸಿನ ವೀಕ್ಷಣಾಲಯಕ್ಕೆ ಸರಕಾರದ ಖಗೋಲಜ್ಞನಾಗಿ ಬಂದು 1891ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ಕೈಕೆಳಗೆ ದುಡಿದ ಚಿಂತಾಮಣಿ ರಘುನಾಥಾಚಾರಿ ಎಂಬ ನಮ್ಮವರು ದೂರದರ್ಶಕದ ಹಿಂದೆಯೂ ಪಂಚಾಂಗದ ಮುಂದೆಯೂ ಒಂದೇ ಶ್ರದ್ಧೆಯಿಂದ ಕುಳಿತವರು. 1874ರ ಶುಕ್ರಸಂಕ್ರಮಣವನ್ನು ಸಾಮಾನ್ಯರಿಗೆ ವಿವರಿಸಲು ಪುಸ್ತಿಕೆ ಬರೆದವರು. ಆ ಮದರಾಸು ವೀಕ್ಷಣಾಲಯದ ಪರಂಪರೆಯೇ ಕೊಡೈಕೆನಾಲಿನ ಮೂಲಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೆಗೆ ಹರಿದು ಬಂದಿದೆ.

ಪಾಗ್ಸನ್ನನ ಅಳತೆಯಲ್ಲಿ ಲುಬ್ಧಕದ ಕಾಂತಿಮಾನ ಋಣ 1.46. ಬರಿಗಣ್ಣಿನ ಗಡಿ ಸುಮಾರು 6. ಇವೆರಡರ ನಡುವೆ ಬೆಳಕಿನಲ್ಲಿ ಸುಮಾರು ಸಾವಿರ ಪಟ್ಟು ವ್ಯತ್ಯಾಸ. ಗಣಕಯಂತ್ರದ ಪರದೆಗೆ ಕಷ್ಟ ಬರುವುದು ಇಲ್ಲಿಂದ.

ಪರದೆ ಎಂದರೆ ಲಕ್ಷಾಂತರ ಸಣ್ಣ ಬೆಳಕಿನ ಚೌಕಗಳ ಹಾಸು. ಒಂದೊಂದು ಚೌಕಕ್ಕೂ ಪಿಕ್ಸೆಲ್ ಎಂದು ಹೆಸರು. ಸಾಮಾನ್ಯ ಪರದೆಯಲ್ಲಿ ಒಂದು ಪಿಕ್ಸೆಲ್ಲಿನ ಬೆಳಕನ್ನು 0ಯಿಂದ 255ರವರೆಗಿನ ಅಂಕೆಗಳಿಂದ ನಿಯಮಿಸುತ್ತಾರೆ. ಲುಬ್ಧಕಕ್ಕೆ 255 ಕೊಟ್ಟು, ಉಳಿದ ತಾರೆಗಳಿಗೆ ಅವುಗಳ ನ್ಯಾಯವಾದ ಪಾಲನ್ನೇ ಹಂಚಿದರೆ ಆರನೆಯ ದರ್ಜೆಯ ತಾರೆಗೆ ದಕ್ಕುವ ಅಂಕೆ 3. ಪರದೆಯ 3ಕ್ಕೂ 0ಗೂ ಇರುವ ಭೇದವನ್ನು ದೀಪ ಹಚ್ಚಿದ ಪಡಸಾಲೆಯಲ್ಲಿ ಯಾವ ಕಣ್ಣೂ ಗುರುತಿಸಲಾರದು. ಹೀಗೆ ಪ್ರಾಮಾಣಿಕವಾಗಿ ಲೆಕ್ಕ ಮಾಡಿದ ಆಕಾಶದಲ್ಲಿ ಹತ್ತಾರು ತಾರೆಗಳು ಮಾತ್ರ ಉಳಿದು, ಮಿಕ್ಕವೆಲ್ಲ ಮಾಯವಾಗುತ್ತವೆ. ತಂತ್ರಾಂಶ ಬರೆಯುವವರು ಮೊದಲು ಎಡವುವುದು ಈ ಹೊಸ್ತಿಲನ್ನೇ.

ಇದಕ್ಕಿಂತ ಸೋಜಿಗದ ಸಂಗತಿಯೊಂದಿದೆ. ಪರದೆಯ ಒಂದೇ ಒಂದು ಬಿಳಿಯ ಪಿಕ್ಸೆಲ್ಲು ಅರ್ಧ ಮೀಟರು ದೂರ ಕುಳಿತವನ ಕಣ್ಣಿಗೆ ಕಳಿಸುವ ಬೆಳಕು ಲುಬ್ಧಕವು ಕಳಿಸುವ ಬೆಳಕಿಗಿಂತ ಕೆಲವು ಪಟ್ಟು ಹೆಚ್ಚೇ ಇರುತ್ತದೆ. ಬೆಳಕಿನ ಕೊರತೆ ಪರದೆಗಿಲ್ಲ. ಅದಕ್ಕೆ ಇಲ್ಲದಿರುವುದು ಕತ್ತಲೆ. ಸಾಮಾನ್ಯ ಪರದೆಯಲ್ಲಿ ಹಿಂದಿನಿಂದ ಸದಾ ಒಂದು ದೀಪ ಉರಿಯುತ್ತಿರುತ್ತದೆ. ಕಪ್ಪು ಎಂದರೆ ಆ ದೀಪಕ್ಕೆ ಹಾಕಿದ ಮರೆ, ಮರೆಯ ಮೂಲಕ ಅಷ್ಟಿಷ್ಟು ಬೆಳಕು ಸೋರುತ್ತಲೇ ಇರುತ್ತದೆ. ಆ ಸೋರಿಕೆಯೇ ಅಮಾವಾಸ್ಯೆಯ ಶುದ್ಧ ಆಕಾಶಕ್ಕಿಂತ ಹೆಚ್ಚುಕಡಿಮೆ ಸಾವಿರ ಪಟ್ಟು ಪ್ರಕಾಶ. ಸುಣ್ಣದ ಗೋಡೆಯ ಮೇಲೆ ಅಕ್ಕಿಕಾಳು ಅಂಟಿಸಿ ದೂರದಿಂದ ತೋರಿಸಿದಂತೆ. ಈಚಿನ ಕೆಲವು ಪರದೆಗಳಲ್ಲಿ ಪ್ರತಿಯೊಂದು ಪಿಕ್ಸೆಲ್ಲೂ ತಾನೇ ಬೆಳಗಿ ತಾನೇ ಆರುವುದರಿಂದ ಈ ದೋಷ ಬಹಳ ಮಟ್ಟಿಗೆ ಇಲ್ಲ. ಆದರೆ ಕೋಣೆಯ ದೀಪ ಆರಿಸದಿದ್ದರೆ ಅದರಿಂದಲೂ ಫಲವಿಲ್ಲ.

ಹೀಗಾಗಿ ತಂತ್ರಾಂಶದವರು ಹಳೆಯ ನಕ್ಷತ್ರಪಟಗಳ ಉಪಾಯಕ್ಕೆ ಶರಣಾದರು. 1603ರಲ್ಲಿ ಅಚ್ಚಾದ ಜರ್ಮನಿಯ ಬೇಯರನ ಪ್ರಸಿದ್ಧ ನಕ್ಷತ್ರಪಟದಲ್ಲಿಯೇ ಪ್ರಕಾಶದ ತಾರೆಗೆ ದೊಡ್ಡ ಗುರುತು, ಮಂಕು ತಾರೆಗೆ ಸಣ್ಣ ಗುರುತು. ಕಾಗದಕ್ಕೆ ಬೆಳಗುವ ಶಕ್ತಿಯಿಲ್ಲದ್ದರಿಂದ ಬೆಳಕನ್ನು ಗಾತ್ರಕ್ಕೆ ಅನುವಾದಿಸಿದರು. ಗಣಕಯಂತ್ರವೂ ಅದನ್ನೇ ಮಾಡುತ್ತದೆ: ಆರನೆಯ ದರ್ಜೆಗೆ ಒಂದು ಪಿಕ್ಸೆಲ್, ಎರಡನೆಯ ದರ್ಜೆಗೆ ನಾಲ್ಕೈದು ಪಿಕ್ಸೆಲ್ ಅಗಲದ ಬಿಲ್ಲೆ, ಲುಬ್ಧಕಕ್ಕೆ ಇನ್ನೂ ದೊಡ್ಡ ಬಿಲ್ಲೆ, ಅದರ ಸುತ್ತ ಪ್ರಭೆ. ಇದನ್ನು ಮೋಸವೆನ್ನಲಾಗದು, ಒಂದು ಸಂಕೇತ. ಆದರೆ ಸಂಕೇತವೆಂದು ನೋಡುವವರಿಗೆ ಯಾರೂ ಹೇಳುವುದಿಲ್ಲವಾದ್ದರಿಂದ ಮಕ್ಕಳು ಅದನ್ನೇ ನಕ್ಷತ್ರವೆಂದು ನಂಬುತ್ತಾರೆ. ನಮಗೆ ಆಕ್ಷೇಪವಿರುವುದು ಇಷ್ಟಕ್ಕೆ.

ಈಗ ಅರುಂಧತಿಗೆ ಬರೋಣ. ಆ ಹುಡುಗನು ಅಜ್ಜಿಗೆ ಇಡೀ ಆಕಾಶವನ್ನು, ಎಂದರೆ 180 ಅಂಶಗಳನ್ನು, ಸುಮಾರು ಸಾವಿರ ಪಿಕ್ಸೆಲ್ ಎತ್ತರದ ಪರದೆಯಲ್ಲಿ ತೋರಿಸಿದ್ದಾನೆ. ಲೆಕ್ಕ ಹಾಕಿದರೆ ಒಂದು ಪಿಕ್ಸೆಲ್ಲಿಗೆ ಸುಮಾರು 11 ಕಲೆ. ವಸಿಷ್ಠ-ಅರುಂಧತಿಯರ ಅಂತರ 12 ಕಲೆ. ಅಂದರೆ ಅರುಂಧತಿ ಇರಬೇಕಾದದ್ದು ವಸಿಷ್ಠನ ನಡುಬಿಂದುವಿನ ಪಕ್ಕದ ಪಿಕ್ಸೆಲ್ಲಿನಲ್ಲಿ. ಆದರೆ ವಸಿಷ್ಠನು ಎರಡನೆಯ ದರ್ಜೆಯವನಾದ್ದರಿಂದ ನಾಲ್ಕೈದು ಪಿಕ್ಸೆಲ್ ಅಗಲ ಉಬ್ಬಿ ಕುಳಿತಿದ್ದಾನೆ. ನಾಲ್ಕನೆಯ ದರ್ಜೆಯ ಅರುಂಧತಿ, ಅವನಿಗಿಂತ ಆರು ಪಟ್ಟು ಮಂಕಾದವಳು, ಆ ಬಿಲ್ಲೆಯೊಳಗೇ ಕರಗಿಹೋದಳು. ಹುಡುಗನು ಸಪ್ತರ್ಷಿಗಳ ಬಾಲವನ್ನು ಮಾತ್ರ ಹಿಗ್ಗಿಸಿ, ಪರದೆಯ ಎತ್ತರದಲ್ಲಿ 20 ಅಂಶವಷ್ಟೇ ಇರುವಂತೆ ಮಾಡಿದರೆ ಇಬ್ಬರ ನಡುವೆ ಹತ್ತು ಪಿಕ್ಸೆಲ್ ಅಂತರ ಬರುತ್ತದೆ. ಹಿಗ್ಗಿಸಿದಷ್ಟೂ ತಾರೆಗಳ ನಡುವಣ ಅಂತರ ಬೆಳೆಯುತ್ತದೆ, ಬಿಲ್ಲೆಯ ಗಾತ್ರ ಹಾಗೆ ಬೆಳೆಯುವುದಿಲ್ಲ. ಇನ್ನಷ್ಟು ಹಿಗ್ಗಿಸಿದರೆ ವಸಿಷ್ಠನೇ ಎರಡು ತಾರೆಗಳಾಗಿ ಒಡೆಯುತ್ತಾನೆ. ಅದು ದೂರದರ್ಶಕಕ್ಕೆ ಮಾತ್ರ ಕಾಣುವ ಜೋಡಿ. ಅವುಗಳ ಅಂತರ 14 ವಿಕಲೆ. ಅಜ್ಜಿಯೂ ಅಷ್ಟನ್ನು ಕಂಡವರಲ್ಲ. ಅದನ್ನು ಮೊಮ್ಮಗನೇ ತೋರಿಸಲಿ.

ಬಿಲ್ಲೆಯ ಸುತ್ತ ಬರೆಯುವ ಪ್ರಭೆಯ ಮಾತು ಸ್ವಲ್ಪ ಬೇರೆ. ಕಣ್ಣಿನ ಕರಿಯಾಲಿ, ಮಸೂರ, ಹಿಂದಣ ಪದರಗಳಲ್ಲಿ ಬೆಳಕು ಚೆದರಿ ದೀಪದ ಸುತ್ತ ಕಿರಣಗಳೂ ಬಳೆಯೂ ಕಾಣುವುದನ್ನು ಅಳೆದು, ಅದನ್ನೇ ಚಿತ್ರದಲ್ಲಿ ಲೆಕ್ಕದಿಂದ ಬರೆಯುವ ಕ್ರಮವನ್ನು 1995ರಲ್ಲಿ ಅಮೆರಿಕದ ವಿದ್ವಾಂಸರು ಪ್ರಕಟಿಸಿದರು. 2001ರಲ್ಲಿ ಇನ್ನೊಂದು ತಂಡ ಬೆಳದಿಂಗಳು, ಆಕಾಶಗಂಗೆ, ತಾರೆಗಳ ಬೆಳಕು ಎಲ್ಲವನ್ನೂ ಭೌತಶಾಸ್ತ್ರದ ಅಳತೆಯಿಂದ ಕೂಡಿಸಿ ಇಡೀ ರಾತ್ರಿಯ ಆಕಾಶದ ಮಾದರಿಯನ್ನು ಮಾಡಿತು. ನಕ್ಷತ್ರವನ್ನು ನಿಜವಾಗಿ ಕಾಣುವಂತೆ ಬರೆಯಬೇಕಾದರೆ ನಕ್ಷತ್ರದ ಜೊತೆಗೆ ನೋಡುವ ಕಣ್ಣಿನ ಕುಂದನ್ನೂ ಬರೆಯಬೇಕು ಎಂಬುದು ಈ ವಿದ್ವಾಂಸರ ಕೆಲಸದಿಂದ ಹೊರಬಿದ್ದ ತಿಳಿವಳಿಕೆ.

ಯಾರ ಕಣ್ಣಿನ ಕುಂದು? ಇಪ್ಪತ್ತು ವರ್ಷದವನದೋ, ಎಪ್ಪತ್ತಾರರ ತಾಯಿಯದೋ? ಪೊರೆ ಬಂದ ಕಣ್ಣಿನಲ್ಲಿ ಮಸೂರವು ಹಾಲಾದ ಗಾಜಿನಂತಾಗಿ ಬೆಳಕನ್ನು ಎಲ್ಲ ಕಡೆಗೂ ಎರಚುತ್ತದೆ. ದೀಪದ ಸುತ್ತ ಬಳೆ ಕಾಣುವುದು ಅದರಿಂದಲೇ. ಆ ಕಣ್ಣಿಗೆ ವಸಿಷ್ಠನು ಪರದೆಯಲ್ಲಿ ಕಂಡಂತೆಯೇ ಉಬ್ಬಿ ಕಾಣುತ್ತಾನೆ, ಅರುಂಧತಿ ಅದೇ ರೀತಿಯಲ್ಲಿ ಅವನೊಳಗೆ ಮರೆಯಾಗುತ್ತಾಳೆ. ಹುಡುಗನು ಹೇಳಿದ್ದರಲ್ಲಿ ಇಷ್ಟು ಸತ್ಯಾಂಶವಿದೆ. ಆದರೆ ಆತನ ಯಂತ್ರಕ್ಕೂ ಆ ಹೊತ್ತಿನಲ್ಲಿ ಪೊರೆ ಬಂದಿತ್ತು; ಅವನು ಅದನ್ನು ಕಾಣಲಿಲ್ಲ. ಆ ತಾಯಿಯವರಿಗೆ ನಾವು ವಿನಯಪೂರ್ವಕವಾಗಿ ಅರಿಕೆ ಮಾಡುವುದಿಷ್ಟು: ಹೊಲದ ಬಾವಿಯಲ್ಲಿ ಹೂಳು ತುಂಬಿದರೆ ನೀರು ಕೊಟ್ಟವನು ಶಿವನೆಂದು ಹೂಳೆತ್ತದೆ ಬಿಡುವುದಿಲ್ಲ. ಪೊರೆಯ ಚಿಕಿತ್ಸೆ ಈಗ ಅರ್ಧ ಗಂಟೆಯ ಕೆಲಸ; ಮಸುಕಾದ ಮಸೂರ ತೆಗೆದು ಕೃತಕ ಮಸೂರ ಕೂರಿಸುತ್ತಾರೆ. ಅಂಧತ್ವ ನಿವಾರಣೆಗೆಂದು ಸರಕಾರವು 1976ರಿಂದ ರಾಷ್ಟ್ರೀಯ ಕಾರ್ಯಕ್ರಮವನ್ನೇ ನಡೆಸಿಕೊಂಡು ಬಂದಿದೆ. ದೀಪದ ಸುತ್ತ ಬಳೆ ಕಾಣುವುದಕ್ಕೆ ಕಣ್ಣಿನ ಒತ್ತಡವೇ ಮುಂತಾದ ಬೇರೆ ಕಾರಣಗಳೂ ಇರಬಹುದಾದ್ದರಿಂದ ವೈದ್ಯರು ಒಮ್ಮೆ ನೋಡುವುದು ಅವಶ್ಯ, ತಡಮಾಡುವುದು ಸಲ್ಲದು. ಇನ್ನೊಂದು ಮಾತು. ವಯಸ್ಸಾದ ಮಸೂರವು ಹಳದಿಗೆ ತಿರುಗಿ ನೀಲಿಯ ಬೆಳಕನ್ನು ತಡೆಯುತ್ತದೆ. ಪೊರೆ ತೆಗೆಸಿಕೊಂಡವರು ಆಕಾಶ ಇಷ್ಟು ನೀಲಿಯೆಂದು ಮರೆತೇ ಹೋಗಿತ್ತೆಂದು ಹೇಳುವುದನ್ನು ನಾವೇ ಕೇಳಿದ್ದೇವೆ. ಚಿತ್ತೆಯ ನೀಲಿಛಾಯೆಯನ್ನು ಆ ತಾಯಿ ಮದುವೆಯಾಗಿ ಬಂದ ವರ್ಷ ಕಂಡಂತೆ ಮತ್ತೆ ಕಾಣಬಹುದು.

ಬಣ್ಣದ ಮಾತು ಬಂದುದರಿಂದ ಹೇಳುವುದಾದರೆ, ತಾರೆಯ ಬಣ್ಣವೆಂಬುದು ಅದರ ಉಷ್ಣತೆಯ ಗುರುತು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕೆಂಪಾಗಿ, ಕಿತ್ತಳೆಯಾಗಿ, ಬೆಳ್ಳಗಾಗುವ ಕ್ರಮವೇ ಇಲ್ಲಿಯೂ. ಆರ್ದ್ರೆ ಸುಮಾರು 3,500 ಕೆಲ್ವಿನ್, ಕೆಂಗಿತ್ತಳೆ. ನಮ್ಮ ಸೂರ್ಯ 5,800ರ ಸುಮಾರು. ಲುಬ್ಧಕ ಹತ್ತು ಸಾವಿರದ ಹತ್ತಿರ. ಚಿತ್ತೆ ಇಪ್ಪತ್ತು ಸಾವಿರಕ್ಕೂ ಮೇಲೆ. ಈ ಲೆಕ್ಕವನ್ನು ಗಣಕಯಂತ್ರಕ್ಕೆ ಕೊಟ್ಟರೆ ಅದು ಪ್ರತಿಯೊಂದು ತಾರೆಗೂ ಬಣ್ಣ ಬಳಿಯುತ್ತದೆ. ಆಕಾಶವು ಜಾತ್ರೆಯ ದೀಪಾಲಂಕಾರವಾಗುತ್ತದೆ. ಕಣ್ಣು ಹಾಗೆ ಕಾಣುವುದಿಲ್ಲ. ಬಣ್ಣವನ್ನು ಗ್ರಹಿಸುವ ಶಂಕುಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಮಂಕು ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಬಣ್ಣದ ಅರಿವಿಲ್ಲ. ಆದ್ದರಿಂದ ರೋಹಿಣಿ, ಜ್ಯೇಷ್ಠೆ, ಆರ್ದ್ರೆಗಳ ಕೆಂಪು ಕಾಣುತ್ತದೆ, ಮೂರನೆಯ ನಾಲ್ಕನೆಯ ದರ್ಜೆಯಿಂದ ಕೆಳಗಿನವೆಲ್ಲ ಬೂದುಬಿಳುಪು. ಮಂಕು ತಾರೆಯ ಬಣ್ಣವನ್ನು ತೊಳೆದುಹಾಕುವ ತಂತ್ರಾಂಶವೇ ಕಣ್ಣಿಗೆ ನಿಷ್ಠವಾದದ್ದು.

ಮಿನುಗುವಿಕೆಯಲ್ಲಿಯೂ ಹೀಗೆಯೇ. ಸುಮ್ಮನೆ ಎಲ್ಲ ತಾರೆಗಳನ್ನೂ ಒಂದೇ ಸಮನೆ ಕಂಪಿಸುವಂತೆ ಮಾಡುವುದು ಸುಲಭ. ನಿಜದಲ್ಲಿ ನೆತ್ತಿಯ ಮೇಲಿನ ತಾರೆ ಬಹುಮಟ್ಟಿಗೆ ಶಾಂತ. ದಿಗಂತಕ್ಕೆ ಇಳಿದಂತೆ ಹೆಚ್ಚು ಗಾಳಿಯನ್ನು ಹಾದು ಬರಬೇಕಾದ್ದರಿಂದ ಚಡಪಡಿಸುತ್ತದೆ, ಮಂಕಾಗುತ್ತದೆ, ಕೆಂಪಾಗುತ್ತದೆ. ಇದಕ್ಕೆ ನಮ್ಮ ಸೀಮೆಯ ಒಳ್ಳೆಯ ಉದಾಹರಣೆ ಅಗಸ್ತ್ಯ. ಲುಬ್ಧಕವನ್ನು ಬಿಟ್ಟರೆ ರಾತ್ರಿಯ ತಾರೆಗಳಲ್ಲಿ ಅದೇ ಅತಿ ಪ್ರಕಾಶದ್ದು. ಚಿತ್ರದುರ್ಗದ ಸೀಮೆ ಸುಮಾರು 14 ಅಂಶ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಅಗಸ್ತ್ಯವು ಎಷ್ಟೇ ಏರಿದರೂ ದಕ್ಷಿಣ ದಿಗಂತದಿಂದ 23 ಅಂಶಕ್ಕಿಂತ ಮೇಲೆ ಬಾರದು. ಮಾಘ ಮಾಸದ ರಾತ್ರಿ ಒಂಬತ್ತರ ಹೊತ್ತಿಗೆ ನೋಡಬಹುದು. ಅಲ್ಲಿಂದ ಬರುವ ಬೆಳಕು ನೆತ್ತಿಯಿಂದ ಬರುವುದಕ್ಕಿಂತ ಎರಡೂವರೆ ಪಟ್ಟು ಗಾಳಿಯನ್ನು ದಾಟಿ ಅರ್ಧ ಮೆಟ್ಟಿಲಿನಷ್ಟು ಕಾಂತಿಯನ್ನು ದಾರಿಯಲ್ಲೇ ಕಳೆದುಕೊಳ್ಳುತ್ತದೆ. ಒಳ್ಳೆಯ ತಂತ್ರಾಂಶಕ್ಕೆ ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಇದನ್ನೆಲ್ಲ ಕಳೆದೇ ತೋರಿಸುತ್ತದೆ.

ಹೆಸರು ಹೇಳಬೇಕಾದರೆ, ಫ್ರಾನ್ಸಿನ ಫೇಬಿಯನ್ ಶೆರೋ ಎಂಬ ತರುಣನು ಈ ಶತಮಾನದ ಆರಂಭದಲ್ಲಿ ಬರೆಯಲಾರಂಭಿಸಿದ ಸ್ಟೆಲೇರಿಯಮ್ ಎಂಬುದು ಎಲ್ಲರಿಗೂ ಉಚಿತವಾಗಿ ದೊರೆಯುವ ತಂತ್ರಾಂಶ. ಆರಂಭದ ಪಟ್ಟಿಯಲ್ಲಿಯೇ ಆರು ಲಕ್ಷಕ್ಕೂ ಮಿಕ್ಕ ತಾರೆಗಳಿವೆ. ಬರಿಗಣ್ಣಿಗೆ ಇಡೀ ಖಗೋಲದಲ್ಲಿ ಕಾಣಬಹುದಾದವು ಸುಮಾರು ಒಂಬತ್ತು ಸಾವಿರ; ಅರ್ಧ ನೆಲದ ಕೆಳಗೆ. ಕಣ್ಣು ಕತ್ತಲೆಗೂ ಬೆಳಕಿಗೂ ಹೊಂದಿಕೊಳ್ಳುವ ಬಗೆಯನ್ನು ಅಳವಡಿಸಲು 1993ರಲ್ಲಿ ಟಂಬ್ಲಿನ್ ಮತ್ತು ರಶ್‌ಮೈಯರ್ ಎಂಬಿಬ್ಬರು ಪ್ರಕಟಿಸಿದ ವಿಧಾನವನ್ನು ಅದರಲ್ಲಿ ಬಳಸಿದ್ದಾರೆ. ಹಾಗಾಗಿ ಅದರಲ್ಲಿ ಸೂರ್ಯನು ಮುಳುಗುತ್ತ ಬಂದಂತೆ ತಾರೆಗಳು ಒಂದೊಂದಾಗಿ ಹುಟ್ಟುತ್ತವೆ, ಚಂದ್ರ ಮೂಡಿದರೆ ಮಂಕು ತಾರೆಗಳು ಹಿಂಜರಿಯುತ್ತವೆ. ತಾರೆಗಳ ಬಿಲ್ಲೆಯ ಒಟ್ಟು ಗಾತ್ರವನ್ನೂ, ದೊಡ್ಡದಕ್ಕೂ ಸಣ್ಣದಕ್ಕೂ ಇರಬೇಕಾದ ಹೋಲಿಕೆಯನ್ನೂ ಕಿರಿದು-ಹಿರಿದು ಮಾಡುವ ಕೀಲಿಗಳು ಆಕಾಶದ ಆಯ್ಕೆಗಳ ಪುಟದಲ್ಲಿಯೇ ಇವೆ. ಪತ್ರ ಬರೆದವರ ಮಗನು ಮಾಡಬೇಕಾದದ್ದು ಇಷ್ಟೇ: ಗಾತ್ರವನ್ನು ತಗ್ಗಿಸುವುದು, ಪಡಸಾಲೆಯ ದೀಪ ಆರಿಸುವುದು, ಬಾಲದ ಕಡೆ ಹಿಗ್ಗಿಸುವುದು. ಗಣಕಯಂತ್ರದ ವಿಚಾರವನ್ನು ಮಾಸಪತ್ರಿಕೆಯಲ್ಲಿ ಇಷ್ಟು ಬರೆದದ್ದಕ್ಕೆ ಹಿರಿಯರು ಹುಬ್ಬೇರಿಸಬಾರದು. ಪಾಣಿನಿಯ ವ್ಯಾಕರಣವನ್ನು ಗಣಕಯಂತ್ರಕ್ಕೆ ಇಳಿಸಿದ 'ಗಣಕಾಷ್ಟಾಧ್ಯಾಯೀ' ತಂತ್ರಾಂಶವು ರೂಪುಗೊಂಡದ್ದು ನೆರೆಯ ಸಿರಿಗೆರೆಯ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರಿಂದ.

ಪರದೆಗಿಂತ ಮೇಲಾದ ನೋಟ ತಾರಾಲಯದ್ದು. 1923ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯವರು ಮ್ಯೂನಿಕ್ ನಗರದಲ್ಲಿ ಮೊದಲ ಬಾರಿಗೆ ಪ್ರದರ್ಶಿಸಿದ ಯಂತ್ರದಲ್ಲಿ ಪರದೆಯೂ ಇಲ್ಲ, ಪಿಕ್ಸೆಲ್ಲೂ ಇಲ್ಲ. ನಡುವೆ ಪ್ರಬಲವಾದ ಒಂದು ದೀಪ. ಅದರ ಸುತ್ತ ತಾರೆಗಳ ಸ್ಥಾನದಲ್ಲಿ ಸೂಕ್ಷ್ಮ ರಂಧ್ರಗಳಿರುವ ತಗಡುಗಳು. ಅವುಗಳ ಮುಂದೆ ಮಸೂರ. ಗುಮ್ಮಟದ ಮೇಲೆ ಬೀಳುವುದು ನಿಜವಾಗಿ ಚೂಪಾದ ಬೆಳಕಿನ ಬಿಂದು, ನಡುವೆ ನಿಜವಾದ ಕತ್ತಲೆ. ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವು 1989ರಲ್ಲಿ ಆರಂಭವಾಯಿತು. ಗುಮ್ಮಟದ ಅಡ್ಡಗಲ 15 ಮೀಟರು. ಅಲ್ಲಿ ಈಗ ತಾರೆಗಳಿಗೆ ಜೈಸ್ ಯಂತ್ರ, ಉಳಿದ ಚಿತ್ರಗಳಿಗೆ ಗಣಕಯಂತ್ರದ ಪ್ರಕ್ಷೇಪಕ, ಎರಡೂ ಕೂಡಿದ ವ್ಯವಸ್ಥೆಯಿದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯದ್ದು 18 ಮೀಟರಿನ ಗುಮ್ಮಟ. ಅಲ್ಲಿಯ ಗಣಕಯಂತ್ರದ ಚಿತ್ರಗಳು 8ಕೆ ಎಂಬ ಅತಿ ಸೂಕ್ಷ್ಮ ವಿವರದವು. ಎಂಟು ಸಾವಿರ ಪಿಕ್ಸೆಲ್ಲುಗಳನ್ನು 180 ಅಂಶಕ್ಕೆ ಹಂಚಿದರೆ ಒಂದಕ್ಕೆ ಸುಮಾರು ಒಂದೂಕಾಲು ಕಲೆ. ಕಣ್ಣಿನ ಶಕ್ತಿಗೆ ಅಂಗೈಯಷ್ಟೇ ದೂರ. ಅಷ್ಟು ಸೂಕ್ಷ್ಮವಾದ ಗುಮ್ಮಟದಲ್ಲಿ ಅರುಂಧತಿಗೆ ತನ್ನದೇ ಸ್ಥಳ ಸಿಗುತ್ತದೆ. ಶನಿಯ ಬಳೆಯೊಳಗೆ ಹಾರಿಹೋದಂತೆ ತೋರಿಸುವುದಕ್ಕೆ ಗಣಕಯಂತ್ರದ ಪದ್ಧತಿಯೇ ಬೇಕು. ಮೌನವಾಗಿ ಕುಳಿತು ತಾರೆ ನೋಡುವುದಕ್ಕೆ ನಮ್ಮ ಒಲವು ರಂಧ್ರದ ತಗಡಿನ ಕಡೆಗೇ.

ಆದರೆ ಬಿ.ದುರ್ಗದವರಿಗೆ ಇನ್ನೂರು ಕಿಲೋಮೀಟರು ದಾಟಿ ಹೋಗಿ ಚೀಟಿ ಕೊಂಡು ತಾರೆ ನೋಡುವ ಅಗತ್ಯವೇನು? ಮಳೆ ಕಡಿಮೆ ಬೀಳುವ ಹಿರಿಯೂರು, ಚಳ್ಳಕೆರೆ, ಹೊಸದುರ್ಗದ ಸೀಮೆಗೆ ಒಣ ಹವೆಯೇ ಒಂದು ಸಂಪತ್ತು. ವಾಣಿವಿಲಾಸ ಸಾಗರದ ಹಿನ್ನೀರಿನ ದಡದಲ್ಲಿ ಅಮಾವಾಸ್ಯೆಯ ದಿನ ನಿಂತರೆ ಆಕಾಶಗಂಗೆ ಇಂದಿಗೂ ಕಾಣುತ್ತದೆ. ಹೆದ್ದಾರಿಯ ದೀಪ, ಊರೂರಿನ ಬೆಳ್ಳನೆಯ ಎಲ್ಇಡಿ ಕಂಬ, ಗುಡ್ಡಸಾಲಿನ ಗಾಳಿಯಂತ್ರಗಳ ಕೆಂಪು ದೀಪ ಇವು ವರ್ಷ ವರ್ಷಕ್ಕೂ ಹೆಚ್ಚುತ್ತಿರುವುದು ನಿಜ. ಅಮೆರಿಕದ ಜಾನ್ ಬಾರ್ಟ್ಲ್ 2001ರಲ್ಲಿ ಕತ್ತಲೆಗೆ 1ರಿಂದ 9ರವರೆಗೆ ದರ್ಜೆ ಕಟ್ಟಿದನು. 1 ಎಂದರೆ ನಿರ್ಮಲ ಕತ್ತಲೆ, 9 ಎಂದರೆ ಮಹಾನಗರದ ನಡು. ಸ್ಟೆಲೇರಿಯಮ್ಮಿನಲ್ಲಿ ಈ ಅಂಕೆಯನ್ನೂ ಬದಲಿಸಬಹುದು. ಹುಡುಗನು 3ರಿಂದ 8ಕ್ಕೆ ಏರಿಸಿ ನೋಡಲಿ: ಕೃತ್ತಿಕೆಯ ಗೊಂಚಲು ಸಡಿಲುತ್ತದೆ, ಆಕಾಶಗಂಗೆ ಒರೆಸಿದಂತೆ ಹೋಗುತ್ತದೆ, ಅರುಂಧತಿ ಅಂಚಿಗೆ ಬಂದು ನಿಲ್ಲುತ್ತಾಳೆ. ತನ್ನ ಕಾಲೇಜಿನ ಊರಿಗೂ ತನ್ನ ಊರಿಗೂ ಏನು ವ್ಯತ್ಯಾಸವೆಂಬುದು ಆಗ ಅವನಿಗೆ ತಿಳಿಯುತ್ತದೆ. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಖಭೌತ ಸಂಸ್ಥೆಯ ದೂರದರ್ಶಕವಿರುವ ಕಡೆ, 2022ರಲ್ಲಿ ಸುತ್ತಣ ಹಳ್ಳಿಗಳನ್ನು ಸೇರಿಸಿ ಕತ್ತಲೆಯನ್ನು ಕಾಯ್ದಿಟ್ಟ ಪ್ರದೇಶವೆಂದು ಘೋಷಿಸಿದ್ದಾರೆ. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದಿದ್ದರೂ ಅಂಗಳದ ದೀಪಕ್ಕೆ ಮೇಲೊಂದು ಮುಚ್ಚಿಗೆ ಹಾಕಿಸುವುದು ಗ್ರಾಮ ಪಂಚಾಯಿತಿಗೂ ಗೃಹಸ್ಥರಿಗೂ ಅಸಾಧ್ಯವಲ್ಲ.

ಅಂಗಳಕ್ಕೆ ಹೋದ ಮೇಲೆ ಕಣ್ಣಿಗೆ ಇಪ್ಪತ್ತು-ಮೂವತ್ತು ನಿಮಿಷ ಬಿಡುವು ಕೊಡಬೇಕು. ಕತ್ತಲೆಯಲ್ಲಿ ಪಾಪೆ ಅರಳುವುದು ಬೇಗ. ದಂಡಕೋಶಗಳು ಪೂರ್ಣವಾಗಿ ಎಚ್ಚರಗೊಳ್ಳುವುದು ನಿಧಾನ. ನಡುವೆ ಒಮ್ಮೆ ಮೊಬೈಲ್ ತೆಗೆದು ನೋಡಿದರೆ ಅಷ್ಟೂ ವ್ಯರ್ಥ. ಆಕಾಶದ ತಂತ್ರಾಂಶಗಳಲ್ಲಿ ಪರದೆಯನ್ನೆಲ್ಲ ಕೆಂಪಾಗಿಸುವ ಒಂದು ಗುಂಡಿಯಿರುವುದು ಇದಕ್ಕೇ. ಕೆಂಪು ಬೆಳಕಿಗೆ ದಂಡಕೋಶಗಳು ಅಷ್ಟಾಗಿ ಬೆದರುವುದಿಲ್ಲ.

ಇನ್ನು ಯಂತ್ರದಿಂದ ಮಾತ್ರ ಆಗುವ ಒಂದು ಉಪಕಾರವನ್ನು ಹೇಳದಿದ್ದರೆ ಅದಕ್ಕೆ ಅನ್ಯಾಯವಾದೀತು. ನಮ್ಮ ರೈತರು ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರೆ ಮಳೆ ಎಂದು ನಕ್ಷತ್ರಗಳ ಹೆಸರಿನಿಂದಲೇ ಮಳೆಗಾಲವನ್ನು ಎಣಿಸುತ್ತಾರೆ. ಆರಿದ್ರೆ ಮಳೆಯೆಂದರೆ ಸೂರ್ಯನು ಆರ್ದ್ರಾ ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನ, ಜೂನ್ 21-22ರಿಂದ ಜುಲೈ ಮೊದಲ ವಾರದವರೆಗೆ. ಸೂರ್ಯನ ನೆರೆಯಲ್ಲೇ ಇರುವುದರಿಂದ ಆ ದಿನಗಳಲ್ಲಿ ಆರ್ದ್ರೆಯು ಸೂರ್ಯನೊಡನೆ ಹುಟ್ಟಿ ಸೂರ್ಯನೊಡನೆ ಮುಳುಗುತ್ತದೆ; ಮೋಡವಿಲ್ಲದಿದ್ದರೂ ಯಾವ ಕಣ್ಣಿಗೂ ಕಾಣದು. ಹೆಸರು ಕೊಟ್ಟ ತಾರೆಯನ್ನು ಅದರ ಮಳೆಯಲ್ಲಿ ಕಂಡ ರೈತ ಒಬ್ಬನೂ ಇಲ್ಲ. ತಂತ್ರಾಂಶದಲ್ಲಿ ವಾಯುಮಂಡಲವನ್ನು ತೆಗೆದುಹಾಕುವ ಒಂದು ಗುಂಡಿಯಿದೆ. ಜೂನ್ 22ರ ನಡುಹಗಲನ್ನು ತೆರೆದು ಅದನ್ನು ಒತ್ತಿದರೆ ಹಗಲು ಕಪ್ಪಾಗಿ, ಸೂರ್ಯನಿಂದ ದಕ್ಷಿಣಕ್ಕೆ ಕೆಂಪಗೆ ಆರ್ದ್ರೆ, ಅದರ ಸುತ್ತ ಮಹಾವ್ಯಾಧನ ಇಡೀ ಆಕಾರ ಹೊರಬರುತ್ತದೆ. ಅಜ್ಜಿಗೆ ಮೊಮ್ಮಗನು ಅದನ್ನು ತೋರಿಸಲಿ. ಅಜ್ಜಿ ಅವನನ್ನು ಕರೆದುಕೊಂಡು ಹೋಗಿ, ಕಣ್ಣು ತಿಳಿಯಾದ ಮೇಲೆ, ವೈಶಾಖದ ಅಂಗಳದಲ್ಲಿ ಅರುಂಧತಿಯನ್ನು ತೋರಿಸಲಿ.

ಅಧಿಕ ಮಾಸದಲ್ಲಿ ಹುಟ್ಟಿದ ಮಗುವಿನ ಹುಟ್ಟುಹಬ್ಬವನ್ನು ಎಂದು ಆಚರಿಸಬೇಕೆಂದು ಹೊಸದುರ್ಗದ ಸಹೋದರಿಯೊಬ್ಬರು ಕೇಳಿದ್ದಾರೆ. ಅದರ ಉತ್ತರ ಮುಂದಿನ ಸಂಚಿಕೆಯಲ್ಲಿ.